ಬರ್ತೀನಿ ಎಂದು ಹೋದವರ ಮನೆ

ಮನೆ ಕೊಳ್ಳಬೇಕೆಂದಿರುವವರು ಈಗಲೂ ನನ್ನ ಹತ್ತಿರ ಬಂದು ಸಲಹೆ ಕೇಳುತ್ತಾರೆ. ಬಸ್ಸಿನಲ್ಲಿ ಟಿಕೆಟ್ ಕೊಡುವವಳಿಗೆ ಮನೆಯ ವಿಚಾರ ಏನು ಗೊತ್ತಿರುತ್ತದೆ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ. ಹದಿನೆಂಟು ವರ್ಷದ ಕಂಡಕ್ಟರ್ ಕೆಲಸದಲ್ಲಿ ಒಂಬತ್ತು ಬಾಡಿಗೆ ಮನೆ ಹೊಕ್ಕು ಹೊರಬಂದವಳು ನಾನು. ಚಿತ್ರದುರ್ಗದಲ್ಲಿ ನಾಲ್ಕು, ಹಿರಿಯೂರಿನಲ್ಲಿ ಎರಡು, ಹೊಳಲ್ಕೆರೆಯಲ್ಲಿ ಒಂದು, ಹೊಸದುರ್ಗದಲ್ಲಿ ಎರಡು. ಇಷ್ಟು ಮನೆಗಳ ಸೋರುವ ಮೂಲೆ, ಕಟ್ಟಿಕೊಳ್ಳುವ ಮೋರಿ, ಮುಚ್ಚದ ಕಿಟಕಿ ಎಲ್ಲವನ್ನೂ ಅನುಭವಿಸಿದ ಮೇಲೆ ಯಾವ ಎಂಜಿನಿಯರೂ ನನಗೆ ಪಾಠ ಹೇಳಬೇಕಾಗಿಲ್ಲ.

ನಾನು ಗಂಡನನ್ನು ಬಿಟ್ಟು ಬಂದವಳು. ಜನ ಅದನ್ನು ತಿರುಗಿಸಿ ಗಂಡ ಬಿಟ್ಟವಳು ಎನ್ನುತ್ತಾರೆ, ಅವರ ಬಾಯಿಗೆ ಬೀಗ ಹಾಕುವವರು ಯಾರು? ಒಂಟಿ ಹೆಂಗಸಿಗೆ ಮನೆ ಕೊಡುವಾಗ ಮಾಲೀಕರು ಕೇಳುವಷ್ಟು ಪ್ರಶ್ನೆಗಳನ್ನು ಪೊಲೀಸರೂ ಕೇಳುವುದಿಲ್ಲ. ಮೊದಲ ಬಸ್ಸಿನ ಡ್ಯೂಟಿಗೆ ಹೊರಟರೆ ಇಷ್ಟು ಬೇಗ ಎಲ್ಲಿಗೆ ಎನ್ನುತ್ತಾರೆ, ಅಣ್ಣನೋ ತಮ್ಮನೋ ಬಂದು ಕುಳಿತರೆ ಇವನ್ಯಾರು ಎನ್ನುತ್ತಾರೆ. ಎಲ್ಲಕ್ಕೂ ಉತ್ತರ ಹೇಳಿ ಹೇಳಿ ಇನ್ನೇನು ನೆಮ್ಮದಿ ಎನ್ನುವಾಗ, ನಮ್ಮ ಮಗಳಿಗೆ ಬೇಕಾಗಿದೆ, ಖಾಲಿ ಮಾಡ್ರಿ. ಒಂಬತ್ತು ಸಲವೂ ಅದೇ ಮಾತು. ಹಾಗಾಗಿ ನನಗಿದ್ದದ್ದು ಒಂದೇ ಆಸೆ. ಖಾಲಿ ಮಾಡು ಎಂದು ಯಾರೂ ಹೇಳಲಾಗದ ಒಂದು ಬಾಗಿಲು, ಅದರ ಒಳಗೆ ನಾನೊಬ್ಬಳೇ. ಒಬ್ಬಳೇ ಎನ್ನುವುದನ್ನು ಒತ್ತಿಯೇ ಹೇಳುತ್ತಿದ್ದೇನೆ. ನನಗೆ ಇನ್ನೊಬ್ಬರ ಕಣ್ಣು ಸಾಕಾಗಿತ್ತು.

ಮನೆ ನೋಡಲು ಹೋದಾಗ ನಾನು ಮಾಡುವ ಕೆಲಸಗಳು ದಲ್ಲಾಳಿಗಳಿಗೆ ಹಿಡಿಸುವುದಿಲ್ಲ. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆ ಎಂದು ನೋಡುತ್ತೇನೆ. ನೆಲದಿಂದ ಒಂದು ಗೇಣು ಮೇಲೆ ಗೋಡೆಗೆ ಅಂಗೈ ಒತ್ತಿ ಹಿಡಿಯುತ್ತೇನೆ, ಹೊಸ ಬಣ್ಣದ ಕೆಳಗೆ ತೇವವಿದ್ದರೆ ತಣ್ಣಗೆ ತಗಲುತ್ತದೆ. ಆ ಮನೆಯ ನಲ್ಲಿ ನೀರನ್ನು ಬಾಟಲಿಯಲ್ಲಿ ತಂದು ತೊಗರಿಬೇಳೆ ಬೇಯಿಸುತ್ತೇನೆ. ನಮ್ಮ ಕಡೆ ಬೋರಿನ ನೀರು ಗಡಸು. ಎಷ್ಟು ಕುದಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿದರೆ ಆ ಮನೆಯಲ್ಲಿ ಹಲ್ಲೂ ಉಳಿಯುವುದಿಲ್ಲ, ಸಮಾಧಾನವೂ ಉಳಿಯುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಕುಡಿಯಲು ನೀರು ಕೇಳುತ್ತೇನೆ. ಅವರು ಲೋಟ ಕೊಡುವ ರೀತಿಯಲ್ಲೇ ಮುಂದಿನ ಇಪ್ಪತ್ತು ವರ್ಷ ಗೊತ್ತಾಗುತ್ತದೆ. ಇನ್ನು ಕಾಗದ ಪತ್ರ. ಮೂಲ ಕ್ರಯಪತ್ರ, ಋಣಭಾರದ ಪತ್ರ, ಇ-ಖಾತೆ ಇವನ್ನು ವಕೀಲರು ನೋಡುತ್ತಾರೆ. ಆದರೆ ಗಡಿಗಳ ವಿವರ ಬರೆದ ಚೆಕ್ಕುಬಂದಿಯನ್ನು ಮಾತ್ರ ನೀವೇ ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ನಡೆದು ನೋಡಬೇಕು. ಕಾಗದದಲ್ಲಿ ಓಣಿ ಎಂದಿದ್ದ ಕಡೆ ಯಾರದೋ ಹಂದಿಗೂಡು ನಿಂತಿದ್ದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ತಿಳಿದವಳು ನಾನು. ಮನೆ ಮಾರಿದವರು ಕೊನೆಯ ಸಲ ಹೊಸ್ತಿಲು ದಾಟುವಾಗ ಏನು ಹೇಳಿ ಹೋಗುತ್ತಾರೆ ಎನ್ನುವುದನ್ನೂ ಗಮನಿಸಬೇಕು ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಹೊಸದುರ್ಗದ ಹಳೇ ಪೇಟೆಯ ಹಿಂದಿನ ಬೀದಿಯಲ್ಲಿ ನನ್ನ ಮನೆ ಸಿಕ್ಕಿತು. ಮುಂದೆ ಸಣ್ಣ ಜಗುಲಿ, ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ, ಅದರ ಆಚೆ ಹಿತ್ತಲು. ಹಿತ್ತಲ ಬಾಗಿಲಿಗೆ ಹಳೆಯ ಕಾಲದ ಕಬ್ಬಿಣದ ಸರಪಳಿ ಚಿಲಕ. ಬಕೆಟ್ ನೀರು ಸರಿಯಾದ ಕಡೆ ಹರಿಯಿತು, ಬೇಳೆ ಬೆಣ್ಣೆಯಾಗಿ ಬೆಂದಿತು, ಪಕ್ಕದ ಮನೆಯಾಕೆ ನೀರಿನ ಜೊತೆ ಒಂದು ಉಂಡೆ ಬೆಲ್ಲ ಕೊಟ್ಟಳು. ನನಗೆ ಇನ್ನೇನು ಬೇಕಿತ್ತು?

ಮಾರಿದವಳು ಎಪ್ಪತ್ತು ದಾಟಿದ ಅಜ್ಜಿ. ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವಳು. ಗಂಡ ಒಂದು ಕಾಲದಲ್ಲಿ ಹಿಂಡನ್ನೆಲ್ಲ ಮಾರಿ ಪೇಟೆಯಲ್ಲಿ ಈ ಮನೆ ಕೊಂಡನಂತೆ. ಆತ ತೀರಿಕೊಂಡು ಬಹಳ ವರ್ಷವಾಗಿತ್ತು. ಹಿರಿಯೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮಗಳು ತನ್ನ ಜೊತೆಗೆ ಬಾ ಎಂದು ಕರೆದಳು, ಅಜ್ಜಿಗೂ ಮಂಡಿ ನೋವು, ಒಪ್ಪಿಕೊಂಡಳು. ಬಲವಂತ ಯಾರದೂ ಇರಲಿಲ್ಲ. ನೋಂದಣಿ ಕಚೇರಿಯಲ್ಲಿ ಆಕೆ ಗಟ್ಟಿಯಾಗಿಯೇ ಸಹಿ ಹಾಕಿದಳು, ಫೋಟೋ ತೆಗೆಯುವಾಗ ಸೆರಗು ಸರಿ ಮಾಡಿಕೊಂಡು ನಕ್ಕಳು ಕೂಡ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದಕ್ಕೆ ಆಕೆಯ ಮನಸ್ಸಿನ ಕಹಿ ಕಾರಣ ಎಂದು ಯಾರೂ ಅಂದುಕೊಳ್ಳಬಾರದು.

ಬೀಗದ ಕೈ ಕೊಟ್ಟ ದಿನ ಆಕೆ ನನ್ನನ್ನು ಮನೆಯೆಲ್ಲ ಸುತ್ತಿಸಿದಳು. ಉಪ್ಪಿನ ಭರಣಿ ಎಲ್ಲಿಟ್ಟರೆ ನೀರೂರುವುದಿಲ್ಲ, ಯಾವ ಕಿಟಕಿ ತೆಗೆದರೆ ಹೊಗೆ ಹೊರಗೆ ಹೋಗುತ್ತದೆ, ಎಲ್ಲ ಹೇಳಿದಳು. ಹಿತ್ತಲ ಬಾಗಿಲ ಪಕ್ಕದ ಮೂಲೆ ತೋರಿಸಿ, "ಪೊರಕೆ ಇಲ್ಲೇ ಇಡವ್ವ. ಬಂದೋರ ಕಣ್ಣಿಗೆ ಬೀಳಬಾರ್ದು" ಎಂದಳು. ನಾನು ತಲೆಯಾಡಿಸಿದೆ. ಹೊರಗೆ ಮಗಳು ಆಟೋದಲ್ಲಿ ಕಾಯುತ್ತಿದ್ದಳು. ಅಜ್ಜಿ ಹೊಸ್ತಿಲು ದಾಟಿ, ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಳಗೆ ನೋಡುತ್ತ ಹೇಳಿದಳು.

"ಹೋಗಿ ಬತ್ತೀನಿ ಕಣವ್ವ."

ಹೇಳಿದ್ದು ನನಗೋ ಮನೆಗೋ ಗೊತ್ತಾಗಲಿಲ್ಲ. ನಾನು ಯಾರಿಗಾದರೂ ಹೇಳುವಂತೆ, "ಹ್ಞೂಂ, ಬರ್ರಿ ಅಜ್ಜಿ, ಬರ್ತಾ ಇರ್ರಿ" ಎಂದೆ. ಆಟೋ ಹೊರಟಿತು.

ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದವಳು ಲೊಚಗುಟ್ಟಿದಳು. "ಮಾರಿದ ಮನೇಲಿ ಬರ್ತೀನಿ ಅನ್ನಬಾರದ್ರಿ. ಬಾಯ್ಮುಚ್ಚಿ, ತಿರುಗಿ ನೋಡದಂಗೆ ಹೋಗ್ಬೇಕು. ಅಜ್ಜಿಗೆ ಮರೆವು, ನೀವಾದ್ರೂ ಬರ್ರಿ ಅನ್ನಬಾರದಿತ್ತು."

"ಮತ್ತೇನು, ಹೋಗ್ರಿ ಅಂತ ಕಳಿಸಬೇಕಿತ್ತಾ?" ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

ಆಕೆ ಹೇಳಿದ್ದು ಹೊಸದೇನೂ ಅಲ್ಲ. ನನ್ನಷ್ಟು ಸಲ ಆ ಮಾತು ಕೇಳಿದವರು ಈ ಜಿಲ್ಲೆಯಲ್ಲಿ ಇರಲಾರರು. ಒಂದೊಂದು ನಿಲ್ದಾಣದಲ್ಲೂ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಬರ್ತೀನಿ, ಬತ್ತೀವಿ, ಹೋಗ್ಬಿಟ್ ಬರ್ತೀನಿ ಎನ್ನುತ್ತಾರೆ. ಗಂಡನ ಮನೆಗೆ ಅಳುತ್ತ ಹೋಗುವವಳೂ ಹಾಗೆಯೇ, ಜಗಳ ಮಾಡಿ ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಬಸ್ಸು ಹತ್ತಿದವನೂ ಹಾಗೆಯೇ. ಹೋಗ್ತೀನಿ ಎಂದು ಒಬ್ಬರೂ ಹೇಳುವುದಿಲ್ಲ. ಅದನ್ನು ಒಂದೇ ಸಲ ಹೇಳುವುದು, ಆಗ ಬಸ್ಸು ಬೇಕಾಗುವುದಿಲ್ಲ. ಸಾವಿನ ಮನೆಯಿಂದ ಹೊರಟವರು ಮಾತ್ರ ಬರ್ತೀನಿ ಎನ್ನದೆ, ಕಳಿಸಲು ಬಂದವರ ಕಡೆ ನೋಡದೆ ಸುಮ್ಮನೆ ಹತ್ತಿ ಕೂರುತ್ತಾರೆ. ಅವರನ್ನು ಏನೂ ಕೇಳದೆ ಗುರುತಿಸಬಲ್ಲೆ. ಇಷ್ಟೆಲ್ಲ ಗೊತ್ತಿದ್ದೂ, ಮಾರಿದ ಮನೆಯಿಂದಲೂ ಹಾಗೆಯೇ ಮಾತಿಲ್ಲದೆ ಹೊರಡಬೇಕು ಎಂದು ನನಗೆ ಹೊಳೆದಿರಲಿಲ್ಲ.

ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಸುಖವಾಗಿದ್ದೆ ಎಂದು ಬಾಯಿಬಿಟ್ಟು ಹೇಳುತ್ತೇನೆ. ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೇಕೆಂದೇ ನಾಲ್ಕು ಮೊಳೆ ಹೆಚ್ಚಿಗೆ ಹೊಡೆದೆ. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಮನೆಗೆ ಬಂದರೆ, ದೇವರಿಗೆ ದೀಪ ಹಚ್ಚಿ, ಉಂಡು, ಪಡಸಾಲೆಯ ತಣ್ಣನೆ ನೆಲದ ಮೇಲೆ ಕಾಲು ಚಾಚುತ್ತಿದ್ದೆ. ಪೊರಕೆಯನ್ನು ಮುಂದಿನ ಬಾಗಿಲ ಹಿಂದೆ ಇಟ್ಟುಕೊಂಡೆ. ಗುಡಿಸಬೇಕಾದದ್ದು ಜಗುಲಿ, ಹಿತ್ತಲಿಗೆ ಯಾಕೆ ಓಡಾಡಬೇಕು?

ಆಷಾಢದ ಗಾಳಿ ಎದ್ದ ಹೊತ್ತಿಗೆ ಹಿತ್ತಲ ಚಿಲಕ ಅಲ್ಲಾಡಲು ಶುರುವಾಯಿತು. ಮೊದಲ ದಿನ ಗಮನಿಸಲಿಲ್ಲ. ನಮ್ಮೂರ ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ, ಆ ತಿಂಗಳು ತಗಡು ಹಾರುತ್ತದೆ, ಚಿಲಕ ಅಲ್ಲಾಡುವುದೇನು ದೊಡ್ಡದು? ಆದರೆ ಅದು ದಿನವೂ ಒಂದೇ ಹೊತ್ತಿಗೆ ಅಲ್ಲಾಡುತ್ತಿತ್ತು. ಬಿಸಿಲು ಅಡುಗೆಮನೆಯ ಒಲೆಕಟ್ಟೆಯಿಂದ ಇಳಿದು ನೆಲಕ್ಕೆ ಬೀಳುವಾಗ, ಗಡಿಯಾರದಲ್ಲಿ ನಾಲ್ಕು. ಮೂರು ಸಲ ಕುಟ್ಟಿದ ಸದ್ದು, ಆಮೇಲೆ ಸರಪಳಿ ಜಾರಿದ ಸದ್ದು. ಗಾಳಿ ಎಣಿಸಿ ಕುಟ್ಟುವುದಿಲ್ಲ. ಹೋಗಿ ನೋಡಿದರೆ ಸರಪಳಿ ಕೊಂಡಿಯಲ್ಲಿ ಸಿಕ್ಕಿಸಿದ ಹಾಗೆಯೇ ಇರುತ್ತಿತ್ತು.

ನಾನು ಅದಕ್ಕೆ ಹಳೆಯ ಸೀರೆಯ ಚೂರು ಸುತ್ತಿ ಗಂಟು ಹಾಕಿದೆ. ಮರುದಿನ ಗಾಳಿ ಪೂರ್ತಿ ಬಿದ್ದುಹೋಗಿತ್ತು, ಹಿತ್ತಲಿನ ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ನಾಲ್ಕು ಗಂಟೆಗೆ ಮೂರು ಸಲ ಸದ್ದಾಯಿತು. ಬಟ್ಟೆ ಸುತ್ತಿದ್ದರಿಂದ ಮೆತ್ತಗೆ ಆಯಿತು, ಅಷ್ಟೇ. ನಾನು ಪಡಸಾಲೆಯಲ್ಲಿ ಕುಳಿತಿದ್ದವಳು ಎದ್ದು ನಿಂತೆ, ಆದರೆ ಅಡುಗೆಮನೆಗೆ ಕಾಲಿಡಲು ಧೈರ್ಯ ಸಾಲಲಿಲ್ಲ. ಆಗ ನನಗೆ ಕಂಬಳಿಯ ವಾಸನೆ ಬಂತು. ನೆನೆದ ಕಂಬಳಿ ಒಣಗುವಾಗ ಬರುವ ಕುರಿಯ ವಾಸನೆ. ನನ್ನ ಮನೆಯಲ್ಲಿ ಕಂಬಳಿ ಇಲ್ಲ, ಉಣ್ಣೆ ಮೈಗೆ ತಾಕಿದರೆ ನನಗೆ ತುರಿಕೆ.

ಆ ಸಂಜೆ ಗುಡಿಸಲೆಂದು ಮುಂದಿನ ಬಾಗಿಲ ಹಿಂದೆ ಕೈ ಹಾಕಿದರೆ ಪೊರಕೆ ಇರಲಿಲ್ಲ. ಅದು ಹಿತ್ತಲ ಬಾಗಿಲ ಪಕ್ಕದ ಮೂಲೆಯಲ್ಲಿ, ಹಿಡಿ ಮೇಲಾಗಿ, ಗೋಡೆಗೆ ಒರಗಿ ನಿಂತಿತ್ತು.

ನಾನು ಹೆದರುವವಳಲ್ಲ. ಕುಡಿದು ಗಲಾಟೆ ಮಾಡಿದವರನ್ನು ಕಾಲರ್ ಹಿಡಿದು ನಡುದಾರಿಯಲ್ಲಿ ಇಳಿಸಿದವಳು. ಆದರೆ ನಿಮ್ಮ ಸ್ವಂತ ಪೊರಕೆ ನೀವಿಟ್ಟ ಕಡೆ ಇಲ್ಲದಿದ್ದರೆ ಯಾರ ಕಾಲರ್ ಹಿಡಿಯುತ್ತೀರಿ? ಪೊರಕೆಯನ್ನು ಮತ್ತೆ ಮುಂದೆ ತಂದಿಟ್ಟೆ. ಮರುದಿನ ಅದು ಹಿಂದಿತ್ತು. ಮತ್ತೆ ತಂದೆ. ಹದಿನೈದು ದಿನ ನಾನೂ ಬಿಡಲಿಲ್ಲ, ಅದೂ ಬಿಡಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಒಂಟಿ ಹೆಂಗಸಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ, ಅಷ್ಟಕ್ಕೇ ಕಾಯುತ್ತಿರುವವರು ಬೇಕಾದಷ್ಟು ಮಂದಿ ಇದ್ದಾರೆ.

ಒಂದು ದಿನ ಡ್ಯೂಟಿ ತಡವಾಗಿ ಐದು ಗಂಟೆಗೆ ಬಂದೆ. ಬೀಗ ತೆಗೆಯುತ್ತಿರುವಾಗ ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ಕೇಳಿದಳು.

"ಈಗ ಬಂದ್ರಾ? ಮತ್ತೆ ಆಗ್ಲೇ ನಿಮ್ಮನೇಲಿ ಯಾರೋ ಮಾತಾಡ್ತಿದ್ರಲ್ಲ."

"ಏನಂತ ಮಾತಾಡ್ತಿದ್ರು?"

"ಅದೇನು ತಿಳೀಲಿಲ್ಲ. ಕುರಿ ಕರೆದಂಗೆ ಕೇಳಿಸ್ತು. ಅಜ್ಜಿ ಹಂಗೇ ಕರೀತಿತ್ತು, ಬೆಕ್ಕಿಗೂ ಹಂಗೇ, ಕೋಳಿಗೂ ಹಂಗೇ." ಹೇಳಿದ ಮೇಲೆ ಆಕೆಗೇ ಏನೋ ಅನ್ನಿಸಿರಬೇಕು, ಸೆರಗು ಹೊದ್ದುಕೊಂಡು ಒಳಗೆ ಹೋದಳು.

ಆಗ ನನಗೆ ಒಂದು ಕಾರಣ ಹೊಳೆದು ಜೀವ ಬಂದ ಹಾಗಾಯಿತು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಅಜ್ಜಿಯರು ಮನೆಯಲ್ಲಿ ನಿಲ್ಲುತ್ತಿಲ್ಲ, ದಿನಕ್ಕೊಂದು ಊರು ನೋಡಿಕೊಂಡು ಬರುತ್ತಾರೆ. ಈ ಅಜ್ಜಿಯೂ ಹಿರಿಯೂರಿನಿಂದ ಮಧ್ಯಾಹ್ನದ ಬಸ್ಸು ಹತ್ತಿ ಬರುತ್ತಿರಬೇಕು. ಹಿತ್ತಲ ಗೋಡೆ ಎತ್ತರವಿಲ್ಲ, ಚಿಲಕ ಹೊರಗಿನಿಂದ ಜಾರಿಸುವ ಉಪಾಯ ಆಕೆಗೆ ಗೊತ್ತಿರಬೇಕು. ಮಂಡಿ ನೋವಿನ ಅಜ್ಜಿ ಗೋಡೆ ಹಾರುವುದು ಹೇಗೆ ಎಂದು ನಾನು ಕೇಳಿಕೊಳ್ಳಲಿಲ್ಲ. ಮರುದಿನ ಡಿಪೋದಲ್ಲಿ ಹಿರಿಯೂರು ಮಾರ್ಗದ ಕಂಡಕ್ಟರನ್ನು ಹಿಡಿದೆ. ಎತ್ತರದ ಅಜ್ಜಿ, ಹಣೆಗೆ ವಿಭೂತಿ, ಬಲಗೈಯಲ್ಲಿ ತಾಮ್ರದ ಕಡಗ, ಮಧ್ಯಾಹ್ನದ ಬಸ್ಸಿಗೆ ಬರುತ್ತಾಳಾ ನೋಡಪ್ಪ ಎಂದೆ. ಅವನು ಒಂದು ವಾರ ನೋಡಿದ.

"ಅಂಥ ಅಜ್ಜಿ ಯಾರೂ ಇಲ್ಲಕ್ಕ. ನನ್ ಬಸ್ಸಲ್ಲೂ ಇಲ್ಲ, ಹಿಂದಿನ ಬಸ್ಸಲ್ಲೂ ಇಲ್ಲ. ಯಾಕೆ, ಏನಾದ್ರೂ ಕಳುವು ಆಗೈತಾ?"

ಏನಿಲ್ಲ ಎಂದೆ. ಅಂದು ಸಂಜೆ ನನಗೆ ಸಿಟ್ಟು ಬಂದಿತ್ತು, ಭಯಕ್ಕಿಂತ ಸಿಟ್ಟೇ ಹೆಚ್ಚು. ಒಂಬತ್ತು ಮಾಲೀಕರ ಕಣ್ಣು ತಪ್ಪಿಸಿಕೊಂಡು ಬಂದರೆ ಇಲ್ಲೂ ಒಬ್ಬಳು ನಾನಿಟ್ಟ ಸಾಮಾನು ಸರಿ ಮಾಡುತ್ತ ತಿರುಗುತ್ತಿದ್ದಾಳೆ. ಇದು ನನ್ನ ಮನೆ ಹೌದೋ ಅಲ್ಲವೋ ಎನ್ನುವುದು ಇತ್ಯರ್ಥವಾಗಬೇಕಿತ್ತು. ವಾರದ ರಜೆಯ ದಿನ ನಾನೇ ಹಿರಿಯೂರಿಗೆ ಹೊರಟೆ.

ಮಗಳ ಹೊಲಿಗೆ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮನೆ ಅದರ ಹಿಂದೆಯೇ ಇತ್ತು. ನನ್ನನ್ನು ನೋಡಿ ಮಗಳು ಗಾಬರಿಯಾದಳು, ಪತ್ರದಲ್ಲಿ ಏನಾದರೂ ತೊಡಕು ಬಂತೇನೋ ಎಂದುಕೊಂಡಳು. ಅಜ್ಜಿಯನ್ನು ಮಾತಾಡಿಸಿ ಹೋಗಲು ಬಂದೆ ಎಂದೆ.

"ಬರ್ರಿ, ಒಳಗ್ ಬರ್ರಿ. ಅವ್ವಂಗೆ ಆಷಾಢದಾಗ ಲಕ್ವ ಹೊಡೀತ್ರಿ. ಬಲಗಡೆ ಕೈ ಕಾಲು ಎರಡೂ ಬಿದ್ದೋದ್ವು. ಅವತ್ತಿಂದ ಮಂಚ ಬಿಟ್ಟು ಇಳಿದಿಲ್ಲ."

ಕಿಟಕಿಯ ಪಕ್ಕದ ಮಂಚದಲ್ಲಿ ಅಜ್ಜಿ ಮಲಗಿದ್ದಳು, ಎದೆಯವರೆಗೆ ಕರಿಯ ಕಂಬಳಿ ಹೊದಿಸಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಆದರೆ ಕಣ್ಣು ಚುರುಕಾಗಿತ್ತು, ಮಾತು ನಿಧಾನವಾದರೂ ಬಿಡಿಸಿ ಕೇಳುತ್ತಿತ್ತು.

"ಬಂದ್ಯಾ ಯವ್ವ. ನೀನ್ಯಾಕೆ ಇಷ್ಟ್ ದೂರ ಬರಾಕೋದೆ? ನಾನೇ ದಿನಾ ಬತ್ತೀನಲ್ಲ."

ಮಗಳು ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕಳು. "ಹಿಂಗೇ ಮಾತಾಡ್ತಾಳ್ರಿ. ಮಧ್ಯಾಹ್ನ ಉಣಿಸಿ ಮಲಗಿಸ್ತೀನಿ. ನಾಲ್ಕು ಗಂಟೆ ಟೈಮಿಗೆ ಎಷ್ಟ್ ಅಲ್ಲಾಡಿಸಿದ್ರೂ ಎಚ್ಚರ ಆಗಲ್ಲ, ಮೈಯೆಲ್ಲ ತಣ್ಣಗೆ. ಒಂದ್ ಘಳಿಗೆ ಬಿಟ್ಟು ತಾನೇ ಕಣ್ ಬಿಟ್ಟು, ಚಿಲ್ಕ ಹಾಕ್ಕೊಂಡ್ ಬಂದೆ ಅಂತಾಳೆ. ಯಾವ ಚಿಲ್ಕನೋ ಏನೋ."

"ಪೊರಕೆ ಮುಂದ್ಗಡೆ ಇಡ್ತೀಯಲ್ಲವ್ವ," ಎಂದಳು ಅಜ್ಜಿ ನನ್ನನ್ನೇ ನೋಡುತ್ತ, "ಅದೊಂದು ಚಾಳಿ ಬುಟ್ಬುಡು. ನಂಗೂ ದಿನಾ ಎತ್ತಿಡಾಕೆ ಆಗಾಕಿಲ್ಲ."

ಪೊರಕೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯಾಕೆಗೂ ಇಲ್ಲ. ಮಗಳು ಚಹಾ ಮಾಡುತ್ತೇನೆಂದು ಒಳಗೆ ಹೋದಳು. ಬೇಡ ಎನ್ನಬೇಕಾಗಿತ್ತು, ಎನ್ನಲಿಲ್ಲ. ಆಕೆ ಹೋಗುವುದನ್ನೇ ನಾನು ಕಾಯುತ್ತಿದ್ದೆ.

ಮಂಚದ ಅಂಚಿನಲ್ಲಿ ಕುಳಿತೆ. "ಅಜ್ಜಿ, ಆ ಮನೆ ಈಗ ನಂದು. ಗೊತ್ತೈತಲ್ಲ?"

"ನಿಂದೇ ಕಣವ್ವ. ನಾನೇ ಬರ್ಕೊಟ್ಟೀನಲ್ಲ."

"ಮತ್ತೆ ದಿನಾ ಯಾಕೆ ಬರ್ತೀರಿ?"

"ಬತ್ತೀನಿ ಅಂತ ಹೇಳಿದ್ನಲ್ಲ. ನೀನೂ ಬರ್ರಿ ಅಂದೆ. ಹೇಳಿದ್ ಮ್ಯಾಲೆ ಬರದಂಗಿರಾಕೆ ಆಯ್ತದಾ?" ಅದರಲ್ಲಿ ಜಗಳವಿರಲಿಲ್ಲ, ಹಟವಿರಲಿಲ್ಲ. ಕೊಟ್ಟ ಮಾತನ್ನು ಕಷ್ಟಪಟ್ಟು ನಡೆಸಿಕೊಂಡು ಬರುತ್ತಿರುವವಳ ಆಯಾಸ ಮಾತ್ರ ಇತ್ತು.

ಇದೇ ಹೊತ್ತಿನಲ್ಲಿ ನಾನು ಎದ್ದು ಬರಬಹುದಾಗಿತ್ತು. ಪೊರಕೆಯನ್ನು ಹಿಂದೆ ಇಟ್ಟುಕೊಂಡು, ನಾಲ್ಕು ಗಂಟೆಗೆ ಚಿಲಕ ಅಲ್ಲಾಡಿದರೆ ಅಲ್ಲಾಡಲಿ ಎಂದು ಬದುಕಬಹುದಾಗಿತ್ತು. ಕೆಟ್ಟದ್ದೇನು ಮಾಡಿದ್ದಳು ಆಕೆ? ಆದರೆ ನನಗೆ ಬೇಕಾಗಿದ್ದದ್ದು ಪೂರ್ತಿ ಮನೆ. ಅರ್ಧ ಗಂಟೆ ಕೂಡ ಯಾರಿಗೂ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

"ಹಂಗಾದ್ರೆ ಇನ್ನೊಂದ್ ಮಾತು ಹೇಳ್ರಿ ಅಜ್ಜಿ. ಆ ಮನೆಗೆ ಹೇಳ್ದಂಗೆ. ಹೋಗ್ತೀನಿ ಅನ್ರಿ. ಒಂದೇ ಸಲ."

ಒಳಗೆ ಲೋಟಗಳ ಸದ್ದು ಕೇಳುತ್ತಿತ್ತು. ಅಜ್ಜಿ ಬಹಳ ಹೊತ್ತು ನನ್ನ ಮುಖ ನೋಡಿದಳು. ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ನೋಡುತ್ತಿದ್ದಳೋ, ಇವಳು ಯಾರು ಎಂದು ನೋಡುತ್ತಿದ್ದಳೋ ಗೊತ್ತಿಲ್ಲ. ಆಮೇಲೆ ಹೇಳಿದಳು.

"ಹೋಗ್ತೀನಿ."

ಹೇಳಿ ಕಾದಳು. ಏನನ್ನು ಕಾಯುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಬಾಯಿತಪ್ಪಿ ಕೆಟ್ಟ ಮಾತು ಆಡಿದರೆ ಎದುರಿಗಿದ್ದವರು ಉಸಿರು ಬಿಡುವುದರೊಳಗೆ "ಬಿಡ್ತು ಅನ್ನು" ಎನ್ನುತ್ತಾರೆ. ಆಡಿದವರು "ಬಿಡ್ತು" ಎನ್ನುತ್ತಾರೆ. ಅಲ್ಲಿಗೆ ಆ ಮಾತು ಸತ್ತುಹೋಯಿತು, ಇನ್ನು ಅದು ಯಾರನ್ನೂ ಮುಟ್ಟುವುದಿಲ್ಲ. ಮಕ್ಕಳಿಗೆ ನಡೆಯಲು ಬರುವ ಮೊದಲೇ ಇದು ಬರುತ್ತದೆ. ಅಜ್ಜಿ ತುಟಿ ಅರ್ಧ ತೆರೆದುಕೊಂಡು, ನಾನು ಬಿಡ್ತು ಅನ್ರಿ ಎಂದ ಕೂಡಲೇ ಅನ್ನುವುದಕ್ಕೆ ಸಿದ್ಧಳಾಗಿ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸಬಲಕ್ಕೆ ತಾನಾಗಿಯೇ ಬಂದಿತ್ತು. ಹೇಳಿದರೆ ಹೇಳಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತದೆ ಎಂದು ಹಲ್ಲು ಕಚ್ಚಿ ತಡೆದುಕೊಂಡೆ. ಆಕೆಯ ತುಟಿ ನಿಧಾನವಾಗಿ ಮುಚ್ಚಿಕೊಂಡಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಮಗಳು ಚಹಾ ತಂದಳು. ಕುಡಿದೆ. ಹೊರಡುವಾಗ ಬಾಯಿಂದ "ಬರ್ತೀನಿ ಅಜ್ಜಿ" ಎಂದು ಬಂತು. ಬಾರವ್ವ ಎಂದು ಅಜ್ಜಿ ಹೇಳಲಿಲ್ಲ. ಮಗಳೇ ಹೇಳಿದಳು.

ಮರುದಿನ ಮೂರೂವರೆಯಿಂದಲೇ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತೆ. ಬಿಸಿಲು ಒಲೆಕಟ್ಟೆಯಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಗೋಡೆಗೆ ಹತ್ತಿತು. ಚಿಲಕ ಅಲುಗಲಿಲ್ಲ. ಪೊರಕೆ ಮುಂದಿನ ಬಾಗಿಲ ಹಿಂದೆಯೇ ಇತ್ತು. ಅದರ ಮರುದಿನವೂ ಇತ್ತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಪೇಟೆಗೆ ಹೋಗಿ ಕಾಲು ಕಿಲೋ ಮೈಸೂರುಪಾಕು ತಂದು ಒಬ್ಬಳೇ ಕುಳಿತು ತಿಂದೆ. ಗೃಹಪ್ರವೇಶ ಆದದ್ದು ಅಂದೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಮೂರನೆಯ ದಿನ ಮಗಳ ಫೋನು ಬಂತು. ನಮ್ಮ ಬಸ್ಸು ಹೊಳಲ್ಕೆರೆ ನಿಲ್ದಾಣದಲ್ಲಿ ನಿಂತಿತ್ತು.

"ಅಕ್ಕ, ನೀವ್ ಬಂದ್ ಹೋದಾಗಿಂದ ಅವ್ವ ಒಂಥರಾ ಮಾಡ್ತಾಳೆ. ಎಲ್ಲದ್ಕೂ ಹೋಗ್ತೀನಿ ಹೋಗ್ತೀನಿ ಅಂತಾಳೆ. ಕುಡಿಯೋ ಲೋಟಕ್ಕೆ ಹೇಳ್ತಾಳೆ, ಕಿಟಕಿಗೆ ಹೇಳ್ತಾಳೆ, ನನ್ ಮಿಷಿನ್ನಿಗೂ ಹೇಳಿದ್ಲು. ಬಿಡ್ತು ಅನ್ನವ್ವ ಅಂತ ನಾನ್ ಬಡ್ಕೊಂಡ್ರೂ ಅನ್ನಲ್ಲ. ಅದು ಹೇಳಿಸ್ದೋರು ಹೇಳ್ಬೇಕು ಅಂತಾಳೆ. ಯಾರು ಅಂದ್ರೆ ಬಾಯ್ ಬಿಡಲ್ಲ. ನಿಮಗೇನಾದ್ರೂ ಗೊತ್ತಾ?"

ಜನ ಹತ್ತುತ್ತಿದ್ದರು, ಯಾರೋ ಚಿಲ್ಲರೆಗೆ ಕೂಗುತ್ತಿದ್ದರು. ಫೋನನ್ನು ಅಜ್ಜಿಯ ಕಿವಿಗೆ ಹಿಡಿ ಎಂದರೆ ಸಾಕಾಗಿತ್ತು. ಎರಡೇ ಮಾತು. ಹೇಳಿದ್ದರೆ ನಾಳೆ ನಾಲ್ಕು ಗಂಟೆಗೆ ಮತ್ತೆ ಮೂರು ಸಲ ಸದ್ದಾಗುತ್ತಿತ್ತು, ಅದೂ ಗೊತ್ತಿತ್ತು.

"ವಯಸ್ಸಾದೋರು ಹಂಗೇ ಕಣಮ್ಮ. ಡಾಕ್ಟರಿಗೆ ತೋರಿಸು" ಎಂದೆ. ಸೀಟಿ ಊದಿದೆ. ಬಸ್ಸು ಹೊರಟಿತು.

ಎಂಟನೆಯ ದಿನ ಅಜ್ಜಿ ತೀರಿಕೊಂಡಳು. ಮಧ್ಯಾಹ್ನ ಮಲಗಿದವಳು ನಾಲ್ಕು ಗಂಟೆಯಾದರೂ ಏಳಲಿಲ್ಲ, ದಿನವೂ ಹಾಗೆಯೇ ಅಲ್ಲವೇ ಎಂದು ಮಗಳು ಒಂದು ಘಳಿಗೆ ಕಾದಳಂತೆ. ನಾನು ಹೋದಾಗ ಆಕೆ ನನ್ನ ಕೈ ಹಿಡಿದುಕೊಂಡು ಅತ್ತಳು. "ನಿಮ್ ಮೇಲೆ ಭಾಳ ಪ್ರೀತಿ ಅಕ್ಕ ಅವ್ವಂಗೆ. ಮನೆ ಒಳ್ಳೇರ ಕೈಗೆ ಹೋಯ್ತು, ದೀಪ ಹಚ್ಚಾಕೆ ಮರೆಯಲ್ಲ ಆ ಹುಡುಗಿ ಅಂತ ಬಂದೋರಿಗೆಲ್ಲ ಹೇಳ್ತಿದ್ಲು." ನಾನು ದೀಪ ಹಚ್ಚುವುದು ಆಕೆಗೆ ಹೇಗೆ ಗೊತ್ತು ಎಂದು ಮಗಳು ಕೇಳಲಿಲ್ಲ. ಸಾವಿನ ಮನೆಯಿಂದ ಹೊರಡುವ ಪದ್ಧತಿಯಂತೆ ಒಂದು ಮಾತೂ ಆಡದೆ ಬಂದು ಬಸ್ಸು ಹತ್ತಿದೆ.

ಮನೆಗೆ ಬಂದು ಸ್ನಾನ ಮಾಡಿದೆ. ಒದ್ದೆ ತಲೆಯಲ್ಲೇ ಹಿತ್ತಲ ಬಾಗಿಲ ಎದುರು ನೆಲದ ಮೇಲೆ ಕುಳಿತೆ. ಮನೆ ಪೂರ್ತಿ ನನ್ನದಾಗಿತ್ತು. ನಾನು ಎಂದೂ ಕೇಳದಷ್ಟು ಸುಮ್ಮನೆ ಇತ್ತು, ಹಲ್ಲಿ ಕೂಡ ಲೊಚಗುಟ್ಟುತ್ತಿರಲಿಲ್ಲ. ಆಗ ನನಗೆ ಅಷ್ಟು ದಿನ ಆಗದಂಥ ಭಯವಾಯಿತು.

"ಬಿಡ್ತು ಅನ್ರಿ ಅಜ್ಜಿ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಗಟ್ಟಿಯಾಗಿ, ಪಕ್ಕದ ಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.